ಒಂಬತ್ತನೆಯ ಠರಾವು

ಜಯಪಾಲ ವಾರ್ಷಿಕ ಸಭೆಯ ನಡಾವಳಿಯನ್ನು ಸಭೆ ನಡೆಯುವುದಕ್ಕೆ ಎರಡು ದಿನ ಮೊದಲೇ ಬರೆದಿಡುತ್ತಿದ್ದ. ಅದರಲ್ಲಿ ಅವನಿಗೆ ವಿಚಿತ್ರ ಅನ್ನಿಸುವಂಥದ್ದು ಏನೂ ಇರಲಿಲ್ಲ. ಸಹಕಾರಿ ಸಕ್ಕರೆ ಕಾರಖಾನೆಯ ಕಚೇರಿಯಲ್ಲಿ ಅವನು ಕಾರಕೂನನಾಗಿ ಸೇರಿ ಹದಿನಾರು ವರ್ಷವಾಗಿತ್ತು. ಹದಿನಾರು ಸಭೆಗಳೂ ಒಂದೇ ಅಚ್ಚಿನಲ್ಲಿ ತೆಗೆದಂತೆ ನಡೆದಿದ್ದವು. ಗೋದಾಮಿನ ತಗಡಿನ ಶೆಡ್ಡಿನಲ್ಲಿ ಜಮಖಾನೆ ಹಾಸುತ್ತಿದ್ದರು. ಸದಸ್ಯರನ್ನು ಟ್ರ್ಯಾಕ್ಟರಿನ ಟ್ರೇಲರುಗಳಲ್ಲಿ ತುಂಬಿ ತರುತ್ತಿದ್ದರು. ಎಂ.ಡಿ. ಮೈಕಿನ ಮುಂದೆ ನಿಂತು ಠರಾವಿನ ನಂಬರು ಓದಿದರೆ ಸಾಕು, ಠರಾವು ಏನೆಂದು ಹೇಳುವ ಮೊದಲೇ ಮುಂದಿನ ಸಾಲಿನವರು "ಮಂಜೂರ!" ಎಂದು ಕೂಗುತ್ತಿದ್ದರು. ಅವರ ಹಿಂದೆ ಇಡೀ ಶೆಡ್ಡು ಕೂಗುತ್ತಿತ್ತು. ಹನ್ನೆರಡು ಠರಾವಿಗೆ ಹತ್ತು ಹನ್ನೊಂದು ನಿಮಿಷ. ಆಮೇಲೆ ಗೋದಿ ಹುಗ್ಗಿಯ ಊಟ.

ಚೇರಮನ್ನರ ಚುನಾವಣೆಯೂ ಹೀಗೆಯೇ. ಕಾರಖಾನೆ ಶುರುವಾದಾಗಿನಿಂದ ಧನಪಾಲ ಸಾಹೇಬರೇ ಚೇರಮನ್. ಐದು ವರ್ಷಕ್ಕೊಮ್ಮೆ ಚುನಾವಣೆ ಸಾರುತ್ತಿದ್ದರು, ಐದು ವರ್ಷಕ್ಕೊಮ್ಮೆ ಅದು ಅವಿರೋಧವಾಗಿ ಮುಗಿಯುತ್ತಿತ್ತು. ಎದುರು ಅರ್ಜಿ ಹಾಕಲು ಹೋದವರು ಇರಲಿಲ್ಲವೆಂದಲ್ಲ. ಒಬ್ಬನ ಕಬ್ಬಿಗೆ ಕಡಿಯುವ ಗ್ಯಾಂಗೇ ಹೋಗದೆ, ಅದು ಹೂಬಿಟ್ಟು, ಒಣಗಿ, ಕೊನೆಗೆ ದನಕ್ಕೆ ಹಾಕುವಂತಾಗಿತ್ತು. ಇನ್ನೊಬ್ಬ ಅರ್ಜಿ ತಂದ ದಿನ ಕಚೇರಿಯ ಗಡಿಯಾರ ಒಂದು ತಾಸು ಮುಂದೆ ಓಡಿ, ಅವನು ಬಾಗಿಲಿಗೆ ಬರುವ ಹೊತ್ತಿಗೆ ವೇಳೆ ಮುಗಿದಿತ್ತು. ಆ ಗಡಿಯಾರಕ್ಕೆ ಕೀಲಿ ಕೊಟ್ಟವನು ಜಯಪಾಲನೇ. ಮೇಲಿನವರು ಹೇಳಿದ್ದನ್ನು ಮಾಡಿದ್ದ. ಸದಲಗಾದ ಮನೆಗೆ ಹೋಗಿ, ಹೊತ್ತು ಮುಳುಗುವ ಮೊದಲು ಉಂಡು ಮಲಗಿದ್ದ.

೧೯೮೬ರ ಸೆಪ್ಟೆಂಬರಿನಲ್ಲಿ, ಜೈನರ ದಶಲಕ್ಷಣ ಪರ್ವ ಮುಗಿದ ಮೂರನೆಯ ದಿನ, ಶನಿವಾರ, ಎಂ.ಡಿ. ಅವನ ಟೇಬಲ್ಲಿನ ಮೇಲೆ ಕರಡು ಹಾಳೆಗಳನ್ನು ತಂದಿಟ್ಟರು. ಸಭೆ ಸೋಮವಾರ ಇತ್ತು. ಜಯಪಾಲ ದೊಡ್ಡ ಪುಸ್ತಕ ತೆರೆದು ತನ್ನ ದುಂಡಗಿನ ಅಕ್ಷರಗಳಲ್ಲಿ ನಕಲು ಮಾಡತೊಡಗಿದ. ಎಂಟು ಠರಾವು ಮುಗಿದವು. ಒಂಬತ್ತನೆಯದಕ್ಕೆ ಬಂದಾಗ ಅವನ ಪೆನ್ನು ನಿಂತಿತು.

"ಸಭೆ ನಡೆಯುತ್ತಿರುವಾಗ ಅಲಖನೂರಿನ ಸದಸ್ಯ ಮುರಗೆಪ್ಪ ಇವರು ಅನುಚಿತ ಶಬ್ದಗಳನ್ನಾಡಿ, ಕಬ್ಬಿಣದ ಕುರ್ಚಿಯನ್ನು ವೇದಿಕೆಯತ್ತ ಎಸೆದುದರಿಂದ ಆಡಳಿತ ಮಂಡಳಿಯ ಸಂಚಾಲಕರಾದ ಬಾಬಾಸಾಹೇಬ ಇವರ ತಲೆಗೆ ಪೆಟ್ಟಾಗಿರುತ್ತದೆ. ಸದರಿ ಮುರಗೆಪ್ಪ ಇವರನ್ನು ಸದಸ್ಯತ್ವದಿಂದ ತೆಗೆದುಹಾಕಲು ಸಭೆಯು ಒಮ್ಮತದಿಂದ ಠರಾಯಿಸಿತು. ಸೂಚಕರು: ಬಾಬಾಸಾಹೇಬ."

ಜಯಪಾಲ ಎರಡು ಸಲ ಓದಿದ. ಮುರಗೆಪ್ಪ ಅವನ ಜೊತೆ ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಈ ಸಲ ಚುನಾವಣೆಗೆ ನಿಲ್ಲುತ್ತೇನೆಂದು ಊರೂರು ತಿರುಗುತ್ತಿದ್ದ. ಸದಸ್ಯತ್ವವೇ ಹೋದರೆ ನಿಲ್ಲುವ ಮಾತೆಲ್ಲಿಂದ?

"ಸಾಹೇಬ್ರ, ಇದು ಇನ್ನಾ ಆಗಿಲ್ಲ ಅಲ್ರಿ," ಎಂದ.

"ಸೋಮವಾರ ಆಗತೈತಿ," ಎಂದರು ಎಂ.ಡಿ. "ಅಂವ ಮಾತಾಡಾಕ ಏಳ್ತಾನ. ನಮ್ಮ ಹುಡುಗೂರು ಅವನ್ನ ಜಗ್ಗತಾರ. ಗದ್ದಲ ಆಗತೈತಿ, ಕುರ್ಚಿ ಹಾರ್ತಾವು. ಯಾರ ಒಗದ್ರು ಅಂತ ಯಾರ ನೋಡ್ತಾರ?"

"ತಲಿಗೆ ಪೆಟ್ಟ ಬಿದ್ದವ್ರ ಠರಾವು ಹೆಂಗ ಮಂಡಸ್ತಾರ್ರಿ?"

ಎಂ.ಡಿ. ಅವನನ್ನು ದಿಟ್ಟಿಸಿ ನೋಡಿದರು. "ಸಣ್ಣ ಪೆಟ್ಟ. ಬರಿ."

ಜಯಪಾಲ ಬರೆದ. ಬರೆದದ್ದು ಒಣಗುವವರೆಗೆ ಕಾದು ಪುಸ್ತಕ ಮುಚ್ಚಿದ.

ಮರುದಿನ ಬಸ್ಸು ಹತ್ತಿ ಅಲಖನೂರಿಗೆ ಹೋದ. ಮುರಗೆಪ್ಪ ಅಂಗಳದಲ್ಲಿ ಎತ್ತುಗಳಿಗೆ ಮೇವು ಹಾಕುತ್ತಿದ್ದ. ಜಯಪಾಲ ಅವನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಠರಾವಿನ ಮಾತು ಹೇಳಿದ. ಮುರಗೆಪ್ಪ ಮೊದಲು ನಕ್ಕ. ಆಮೇಲೆ ನಗು ನಿಂತಿತು.

"ನಾ ಮಾಡೂಕ್ಕಿಂತ ಮೊದಲ ನಾ ಮಾಡಿದ್ದ ಬರದ ಇಟ್ಟಾರ? ಹಂಗಾರ ನಾ ಬರೂದ ಸೈ. ಮೈಕಿನಾಗ ಹೇಳ್ತೀನಿ."

"ಲೇ ಮುರಗ್ಯಾ, ನೀ ಮೈಕ್ ಮುಟ್ಟೂತನಾ ಬಿಡ್ತಾರೇನ? ಬರಬ್ಯಾಡ. ಇಲ್ಲದಂವ ಕುರ್ಚಿ ಹೆಂಗ ಒಗೀತಾನ? ನೀ ಬರಲಿಲ್ಲ ಅಂದ್ರ ಠರಾವು ತಾನ ಬೀಳತೈತಿ."

ಮುರಗೆಪ್ಪನ ಹೆಂಡತಿ ಕೆಂಚವ್ವ ಚಹಾ ತಂದವಳು ಅಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಅವಳ ಎಡಗಣ್ಣಿಗೆ ಪೊರೆ ಬಂದಿತ್ತು. ಮೀರಜದ ದವಾಖಾನೆಯವರು ಆಪರೇಶನ್ನಿಗೆ ಸೋಮವಾರದ ತಾರೀಖು ಕೊಟ್ಟಿದ್ದರು. ಸಭೆಗಾಗಿ ಮುರಗೆಪ್ಪ ಅದನ್ನು ಮುಂದೂಡಬೇಕೆಂದಿದ್ದ.

"ಅಣ್ಣಾರ ಹೇಳೂದು ಖರೇ ಐತಿ," ಎಂದಳು. "ನಾಳೆ ಮೀರಜಕ್ಕ ಹೋಗೂಣು. ನಿಮ್ಮ ಸಭಾ ಎಲ್ಲಿ ಓಡಿ ಹೊಕ್ಕೈತಿ?"

ಮುರಗೆಪ್ಪ ಚಹಾ ಕುಡಿದು ಮುಗಿಸಿ, ಆಗಲಿ ಎಂದ. ಜಯಪಾಲ ಹಗುರ ಮನಸ್ಸಿನಿಂದ ಬಸ್ಸು ಹತ್ತಿದ. ಹದಿನಾರು ವರ್ಷದಲ್ಲಿ ಮೊದಲ ಸಲ ತಾನೊಂದು ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತ್ತು.

ಸೋಮವಾರ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಹಾಜರಿ ಪುಸ್ತಕ ಇಟ್ಟುಕೊಂಡು ಅವನು ಕೂತಿದ್ದ. ಸಭೆಗೆ ಬೇಕಾದಷ್ಟು ಜನ ಯಾವ ವರ್ಷವೂ ಬರುತ್ತಿರಲಿಲ್ಲ. ಬಾರದವರ ಸಹಿಗಳನ್ನು ಜಯಪಾಲನೇ ಮಾಡುತ್ತಿದ್ದ. ಮುನ್ನೂರಕ್ಕೂ ಹೆಚ್ಚು ಜನರ ಸಹಿಗಳು ಅವನ ಬೆರಳಿಗೆ ರೂಢಿಯಾಗಿದ್ದವು. ಒಬ್ಬರದು ಒತ್ತಿ ಬರೆದ ಅಕ್ಷರ, ಒಬ್ಬರದು ನಡುಗುವ ಗೆರೆ, ಕೆಲವರದು ಮೋಡಿ ಲಿಪಿ. ಆ ದಿನ ಎಂ.ಡಿ. ಅವನ ಬೆನ್ನ ಹಿಂದೆ ನಿಂತು ಪಟ್ಟಿಯ ಮೇಲೆ ಬೆರಳಾಡಿಸುತ್ತಿದ್ದರು. ಬೆರಳು ಒಂದು ಹೆಸರಿನ ಹತ್ತಿರ ನಿಂತಿತು.

"ಇದೂ."

ಮುರಗೆಪ್ಪನ ಹೆಸರು. ಅವನ ಸಹಿ ಜಯಪಾಲನಿಗೆ ಹೈಸ್ಕೂಲಿನಿಂದ ಗೊತ್ತಿತ್ತು. ಕೊನೆಯ ಅಕ್ಷರದ ಬಾಲವನ್ನು ಎಳೆದು ಅದರ ಕೆಳಗೆ ಎರಡು ಚುಕ್ಕಿ ಇಡುತ್ತಿದ್ದ.

"ಅಂವ ಬಂದಿಲ್ರಿ ಸಾಹೇಬ್ರ."

"ಬಂದಾನ ಅಂತ ನೀನ ಬರದೀ ಅಲ್ಲ."

ಇಲ್ಲ ಎನ್ನಲು ಎಷ್ಟು ಹೊತ್ತು ಬೇಕಾಗುತ್ತಿತ್ತು ಎಂದು ಜಯಪಾಲ ಮುಂದೆ ಎಷ್ಟೋ ಸಲ ಲೆಕ್ಕ ಹಾಕಿದ್ದಾನೆ. ಆದರೆ ಆಗ ಅವನ ಕೈ ತಾನಾಗಿಯೇ ಓಡಿತು. ಬಾಲ ಎಳೆಯಿತು, ಎರಡು ಚುಕ್ಕಿ ಇಟ್ಟಿತು, ಮುಂದಿನ ಹೆಸರಿಗೆ ಹೋಯಿತು.

ಹನ್ನೊಂದು ಗಂಟೆಗೆ ಸಭೆ ಶುರುವಾಯಿತು. ವೇದಿಕೆಯ ಮೇಲೆ ಸಂಚಾಲಕರು ಸಾಲಾಗಿ ಕೂತಿದ್ದರು. ನಾಲ್ಕನೆಯ ಕುರ್ಚಿ ಖಾಲಿ ಇತ್ತು. ಅದು ಬೇಡಕಿಹಾಳದ ಬಾಬಾಸಾಹೇಬರದು. ಎಪ್ಪತ್ತು ದಾಟಿದ ಮನುಷ್ಯ. ಸಭೆಗೆ ತಡಮಾಡಿ ಬರುವವರಲ್ಲ. ಜಯಪಾಲ ಎಂ.ಡಿ.ಯವರ ಕಿವಿಯಲ್ಲಿ ಅದನ್ನು ಹೇಳಿದ. "ಬರ್ತಾರ," ಎಂದರು ಅವರು. ಎಂಟು ಠರಾವು ಮಂಜೂರಾದವು. ಎಂ.ಡಿ. "ಠರಾವು ನಂಬರ್ ಒಂಬತ್ತು. ಬಾಬಾಸಾಹೇಬ್ರು ಮಂಡಸ್ಯಾರ," ಎಂದು ಓದಿದರು. ಕುರ್ಚಿ ಹಾರಲಿಲ್ಲ. ಯಾರೂ ಏಳಲಿಲ್ಲ. ಏನು ಮಂಡಿಸಿದ್ದಾರೆಂದು ಯಾರೂ ಕೇಳಲಿಲ್ಲ. ಖಾಲಿ ಕುರ್ಚಿಯ ಕಡೆ ಆರುನೂರು ಜನರಲ್ಲಿ ಒಬ್ಬನಾದರೂ ನೋಡಿದನೋ ಇಲ್ಲವೋ. "ಮಂಜೂರ!" ಎಂದು ಶೆಡ್ಡು ಕೂಗಿತು. ಹುಗ್ಗಿಯ ವಾಸನೆ ಆಗಲೇ ಒಳಗೆ ಬರುತ್ತಿತ್ತು.

ಸಂಜೆ ನಾಲ್ಕೂವರೆಗೆ ಕಚೇರಿಗೆ ಸುದ್ದಿ ಬಂತು. ಬಾಬಾಸಾಹೇಬರು ತೀರಿಕೊಂಡಿದ್ದರು. ಸಭೆಯಲ್ಲಿ ತಲೆಗೆ ಬಿದ್ದ ಕುರ್ಚಿಯ ಪೆಟ್ಟಿನಿಂದ ಎಂದು ಸುದ್ದಿ ತಂದವನು ಹೇಳಿದ.

ಜಯಪಾಲ ಕೂತಲ್ಲೇ ಕೂತ. ಯಾವ ಕುರ್ಚಿ? ಯಾವ ಪೆಟ್ಟು? ತಾನು ವೇದಿಕೆಯ ಪಕ್ಕದಲ್ಲೇ ಇದ್ದೆನಲ್ಲ? ಪಕ್ಕದ ಟೇಬಲ್ಲಿನ ಸತ್ತೆಪ್ಪನನ್ನು ನೋಡಿದ. ಅವನೂ ಶೆಡ್ಡಿನಲ್ಲೇ ಇದ್ದವನು.

"ಹೌದಪಾ, ಗದ್ದಲ ಆತು," ಎಂದ ಸತ್ತೆಪ್ಪ, ಫೈಲಿನಿಂದ ತಲೆಯೆತ್ತದೆ. "ನಾ ಹಿಂದ ಇದ್ನಿ. ಸರಿಯಾಗಿ ಕಾಣಲಿಲ್ಲ."

ಅಂದೇ ಸಂಜೆ, ಪೊಲೀಸರ ಪಂಚನಾಮೆಗೂ ಕಾಯದೆ, ಬೇಡಕಿಹಾಳದಲ್ಲಿ ಸುಟ್ಟರು. ಜೀಪುಗಳು ಸಾಲುಗಟ್ಟಿದ್ದವು. ಧನಪಾಲ ಸಾಹೇಬರು ಚಿತೆಯ ಮುಂದೆ ಮೈಕು ಹಿಡಿದು ಅತ್ತರು. "ಲೋಕಶಾಹಿಗಾಗಿ, ಪ್ರಜಾಪ್ರಭುತ್ವಕ್ಕಾಗಿ ಪ್ರಾಣಾ ಕೊಟ್ಟಾರ ನಮ್ಮ ಬಾಬಾಸಾಹೇಬ್ರು. ಸಭಾದಾಗ ಕೂತು, ಠರಾವು ಮಂಡಿಸಿ, ಅಲ್ಲೇ ಪೆಟ್ಟ ತಿಂದಾರ. ಈ ಮಣ್ಣಿನಾಗ ಲೋಕಶಾಹಿ ಇನ್ನಾ ಜೀವಂತ ಐತಿ ಅಂತ ತೋರಿಸಿ ಹೋಗ್ಯಾರ." ಜನ ಕಣ್ಣೊರೆಸಿಕೊಂಡರು. ಅವರಲ್ಲಿ ಎಷ್ಟೋ ಮಂದಿ ಬೆಳಿಗ್ಗೆ ಶೆಡ್ಡಿನಲ್ಲಿದ್ದವರು. ಅವರು ನಿಜವಾಗಿಯೇ ಅಳುತ್ತಿದ್ದುದು ಜಯಪಾಲನಿಗೆ ಕಂಡಿತು.

ಮುರಗೆಪ್ಪನನ್ನು ಬುಧವಾರ ರಾಯಬಾಗದ ಬಸ್ ಸ್ಟ್ಯಾಂಡಿನಲ್ಲಿ ಹಿಡಿದರು. ಮೀರಜದಿಂದ ಹೆಂಡತಿಯನ್ನು ಕರೆದುಕೊಂಡು ಬಂದು ಆಗಷ್ಟೇ ಇಳಿದಿದ್ದ. ಕೆಂಚವ್ವನ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಖೂನಿ ಕೇಸು ಎಂದು ಕೇಳಿ ಅವನು ಫೌಜದಾರರ ಮುಖವನ್ನೇ ನೋಡುತ್ತ ನಿಂತನಂತೆ. ದವಾಖಾನೆಯ ಚೀಟಿ ತೋರಿಸಿದ. ಫೌಜದಾರರು ಅದನ್ನು ಮಡಚಿ ತಿರುಗಿ ಅವನ ಜೇಬಿಗೇ ಇಟ್ಟರು.

"ಇದರಾಗ ನಿನ್ನ ಹೇಣ್ತಿ ಹೆಸರ ಐತಿ, ನಿಂದಿಲ್ಲ. ನಿನ್ನ ಸಹಿ ಮಾತ್ರ ಸಭಾದ ಪುಸ್ತಕದಾಗ ಐತಿ. ಠರಾವು ಐತಿ, ಆರನೂರ ಮಂದಿ ಮಂಜೂರ ಅಂದಾರ. ಆರನೂರ ಮಂದಿ ಸುಳ್ಳಾ?"

ಅಕ್ಟೋಬರಿನಲ್ಲಿ ಚುನಾವಣೆಯ ಅರ್ಜಿಗಳ ತಾರೀಖು ಬಂತು, ಹೋಯಿತು. ಒಂದೇ ಅರ್ಜಿ ಬಂದಿತ್ತು. ಪಟಾಕಿ ಹಾರಿಸಿದರು. ಅವಿರೋಧ ಆಯ್ಕೆಯ ಸುದ್ದಿಯನ್ನು ಪೇಪರಿಗೆ ಬರೆದುಕೊಟ್ಟವನು ಜಯಪಾಲ.

ಆ ವಾರವೇ ಕೆಂಚವ್ವ ಸದಲಗಾದ ಮನೆಗೆ ಬಂದಳು. ಕಪ್ಪು ಕನ್ನಡಕ ಹಾಕಿದ್ದಳು. ಜಯಪಾಲನ ಹೆಂಡತಿ ಜಿನಮತಿ ಅವಳನ್ನು ಪಡಸಾಲೆಯಲ್ಲಿ ಕೂರಿಸಿ ನೀರು ಕೊಟ್ಟಳು. ಕೆಂಚವ್ವ ಕುಡಿಯಲಿಲ್ಲ.

"ಅಣ್ಣಾರ, ನೀವು ನಮ್ಮ ಮನಿತನಾ ಬಂದು ಹೇಳಿ ಹೋದ್ರಿ. ನಿಮ್ಮ ಮಾತ ಕೇಳೇ ಅವ್ರು ಸಭಾಕ್ಕ ಹೋಗಲಿಲ್ಲ. ಆಪರೇಶನ್ ಆಗೂತನಾ ದವಾಖಾನಿ ಕಟ್ಟಿಮ್ಯಾಲ ಕೂತಿದ್ರು. ನನಗ ಒಂದ ಹೇಳ್ರಿ. ಅವ್ರ ಸಹಿ ಯಾರ ಮಾಡ್ಯಾರ್ರಿ?"

ಜಯಪಾಲ ತಲೆ ತಗ್ಗಿಸಿದ. ಕೆಂಚವ್ವ ಅವನು ದುಃಖದಿಂದ ಸುಮ್ಮನಾದನೆಂದು ತಿಳಿದು, ತಾನೇ ಸಮಾಧಾನ ಹೇಳಿ ಎದ್ದು ಹೋದಳು.

ಜಿನಮತಿ ಬಾಗಿಲ ಬಳಿ ನಿಂತಿದ್ದಳು. ಗಂಡನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ನೀವ ಮಾಡೀರಿ."

ಅವನು ಹೌದೆಂದು ತಲೆಯಾಡಿಸಿದ.

"ಸಭಾಕ್ಕ ನಾಕ ದಿನಾ ಮೊದಲ, ಪರ್ವ ಮುಗದ ಮ್ಯಾಲೆ, ಬಸದಿಯೊಳಗ ಎಲ್ಲಾರಿಗೂ ಕೈ ಮುಗದು ಕ್ಷಮಾ ಕೇಳಿದ ಮನಶ್ಯಾ ನೀವು. ನನಗೂ ಕೇಳಿದ್ರಿ. ಆಮ್ಯಾಲೆ ಹೋಗಿ ಇದನ್ನ ಮಾಡಿದ್ರಿ?" ಅವಳ ದನಿ ಏರಲಿಲ್ಲ. ಗಾಬರಿಯಾದವಳಂತೆ ಒಂದು ಹೆಜ್ಜೆ ಹಿಂದೆ ಸರಿದಳು. ಹನ್ನೆರಡು ವರ್ಷ ಸಂಸಾರ ಮಾಡಿದ ಹೆಂಡತಿ ತನ್ನಿಂದ ಹಾಗೆ ಸರಿದದ್ದು ಜಯಪಾಲನಿಗೆ ಪೆಟ್ಟಿನಂತೆ ತಾಗಿತು.

ಮರುದಿನ ಅವನು ರಜೆ ಹಾಕಿ ಬೇಡಕಿಹಾಳಕ್ಕೆ ಹೋದ. ಬಾಬಾಸಾಹೇಬರು ಆ ದಿನ ಸಭೆಗೆ ಬಂದಿರಲಿಲ್ಲ ಎಂಬುದೊಂದೇ ಅವನಿಗೆ ಗೊತ್ತಿತ್ತು. ಅವರಿಗೆ ಏನಾಗಿತ್ತು ಎಂಬುದು ಗೊತ್ತಿರಲಿಲ್ಲ. ಬಾಬಾಸಾಹೇಬರ ಹೆಂಡತಿ ಲಕ್ಷ್ಮಿಬಾಯಿ ಹಿತ್ತಿಲಲ್ಲಿ ಒಬ್ಬಳೇ ಶೇಂಗಾ ಸುಲಿಯುತ್ತ ಕೂತಿದ್ದಳು. ಮಗ ಜ್ಞಾನದೇವ ಕಾರಖಾನೆಯ ಡ್ಯೂಟಿಗೆ ಹೋಗಿದ್ದ.

"ಕಾಕೂ, ಕಾಕಾ ಅವತ್ತ ಸಭಾಕ್ಕ ಬಂದಿರಲಿಲ್ಲ," ಎಂದ ಜಯಪಾಲ.

ಅವಳು ಶೇಂಗಾದ ಮೊರವನ್ನು ಪಕ್ಕಕ್ಕಿಟ್ಟಳು.

"ಬೆಳಗಿನ ಐದಕ್ಕ ನೀರ ಕೇಳಿದ್ರು. ತರೂದ್ರಾಗ ಹೋಗಿದ್ರು. ನಾ ಚೀರೂದ್ರಾಗ ಜ್ಞಾನದೇವ ಬಾಯಿ ಹಿಡದ. ಮೊದಲ ಸಾಹೇಬ್ರಿಗೆ ತಿಳಸಬೇಕು, ಇವತ್ತ ಸಭಾ ಐತಿ, ಅಂದ. ಸೈಕಲ್ ಹತ್ತಿ ಹ್ವಾದ. ಬರೂವಾಗ ಜೀಪಿನಾಗ ಮೂರ ಮಂದಿನ್ನ ಕರ್ಕೊಂಡ ಬಂದ. ಅವ್ರು ಬಾಗಲಕ್ಕ ಕೂತ್ರು. ಆಯಿ, ಈಗ ಅಳಬ್ಯಾಡ, ನಾಕರ ಮ್ಯಾಲೆ ಅಳೂಣು, ಅಂದ ನನ್ನ ಮಗಾ."

ಅವಳು ಸೆರಗಿನಿಂದ ಕೈಯೊರೆಸಿಕೊಂಡಳು.

"ಒಲಿ ಹಚ್ಚು ಅಂದ್ರು. ಹೊಗಿ ಕಾಣಲಿಲ್ಲ ಅಂದ್ರ ನೆರಿಮನಿಯವ್ರು ಕೇಳ್ತಾರ ಅಂದ್ರು. ರೊಟ್ಟಿ ಬಡದೆ. ಹೆಣದ ಮುಂದ ಕೂತು ರೊಟ್ಟಿ ಬಡದೆ, ತಮ್ಮಾ. ಆ ಮೂರೂ ಮಂದಿ ಉಂಡ್ರು. ನೆರಿಮನಿ ಚನ್ನವ್ವ ಮಜ್ಜಿಗಿ ಕೇಳಾಕ ಬಂದ್ಲು, ಮಾಲಕ್ರು ಎಲ್ಲಿ ಅಂದ್ಲು. ಸಭಾಕ್ಕ ಹೋಗ್ಯಾರ ಅಂದೆ. ನಗತಾ ಅಂದೆ. ನಾಕ ಹೊಡದ ಮ್ಯಾಲೆ ಜ್ಞಾನದೇವ ಬಂದು, ಆಯಿ, ಈಗ ಅಳು, ಅಂದ. ಆಗ ನನಗ ಅಳು ಬರಲಿಲ್ಲ. ಜೀಪಿನವ ಬೈದ, ಏ ಮುದಕಿ, ಮಂದಿ ಬರಾಕತ್ತಾರ, ಅಳು ಅಂತ."

ಜಯಪಾಲ ಶನಿವಾರ ಬರೆದ ಒಂದು ಸಾಲು ಸುಳ್ಳಾಗಬಾರದೆಂದು ಒಬ್ಬ ಮುದುಕ ಹನ್ನೊಂದು ತಾಸು ಸಾಯದೆ ಉಳಿದಿದ್ದ. ಆ ಸಾಲು ಬೇರೆ ಯಾರ ಅಕ್ಷರದಲ್ಲೂ ಇರಲಿಲ್ಲ.

"ಕಾಕೂ, ನೀವು ಕೋರ್ಟಿಗೆ ಬಂದು ಇದನ್ನ ಹೇಳ್ತೀರಿ?"

"ಮಗಾ ನೌಕರಿ ಕಳಕೋತಾನ."

"ಹೌದ್ರಿ."

"ನೀನೂ?"

"ನಾ ಜೇಲಿಗೆ ಹೋಗ್ತೀನ್ರಿ."

ಅವಳು ಮೊರವನ್ನು ಮತ್ತೆ ಮುಂದಕ್ಕೆಳೆದುಕೊಂಡಳು.

ನವೆಂಬರಿನ ಮೂರನೆಯ ವಾರ ಚಿಕ್ಕೋಡಿ ಕೋರ್ಟಿನಲ್ಲಿ ಮುರಗೆಪ್ಪನ ಜಾಮೀನಿನ ವಿಚಾರಣೆ ಇತ್ತು. ಜಯಪಾಲ ಹಿಂದಿನ ದಿನವೇ ಅವನ ವಕೀಲರನ್ನು ಕಂಡು ಎಲ್ಲವನ್ನೂ ಹೇಳಿದ್ದ. ವಕೀಲರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಮತ್ತೊಮ್ಮೆ ಹೇಳಿ ಎಂದಿದ್ದರು. ಕೋರ್ಟಿನ ಅಂಗಳಕ್ಕೆ ಕಾರಖಾನೆಯ ನಾಲ್ಕು ಜೀಪು ಬಂದಿದ್ದವು. ಎಂ.ಡಿ. ಅವನನ್ನು ನೋಡಿ ತಮ್ಮ ಕಡೆಯ ಸಾಕ್ಷಿಯೆಂದೇ ತಿಳಿದು, "ಬಾ, ಚಹಾ ಕುಡದಿ?" ಎಂದರು.

ನ್ಯಾಯಾಧೀಶರು ವಯಸ್ಸಿನಲ್ಲಿ ಸಣ್ಣವರು, ಧಾರವಾಡದ ಕಡೆಯವರು. ವಕೀಲರು ಜಯಪಾಲನನ್ನು ಮುಂದೆ ಕರೆದಾಗ ಅವರು ಬೇಸರದಿಂದಲೇ ತಲೆಯೆತ್ತಿದರು.

"ಈ ನಡಾವಳಿ ನಾ ಬರದೇನ್ರಿ," ಎಂದ ಜಯಪಾಲ. "ಸಭಾ ಸೋಮವಾರ ಆತು. ಬರದದ್ದು ಶನಿವಾರ."

"ಅಂದರೆ ಏನಾಗಲಿದೆ ಎಂದು ನಿಮಗೆ ಮೊದಲೇ ಗೊತ್ತಿತ್ತೆ?"

"ನಮ್ಮಲ್ಲಿ ಯಾವಾಗೂ ಹಂಗ್ರಿ. ಬರದದ್ದ ಆಗತೈತ್ರಿ. ಈ ಸಲ ಮಾತ್ರ ಆಗಲಿಲ್ರಿ. ಮುರಗೆಪ್ಪ ಬಂದಿರಲಿಲ್ಲ. ಆ ಸಹಿ ನಂದು."

ಹಿಂದಿನ ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಕಾರಖಾನೆಯ ವಕೀಲರು ಎದ್ದು, ಈತ ಆರೋಪಿಯ ಗೆಳೆಯ, ಸುಳ್ಳು ಹೇಳುತ್ತಿದ್ದಾನೆ ಎಂದರು. ನ್ಯಾಯಾಧೀಶರು ಹಾಜರಿ ಪುಸ್ತಕವನ್ನು ತಮ್ಮ ಮುಂದೆ ತೆರೆದಿಟ್ಟುಕೊಂಡು, ಜಯಪಾಲನಿಗೆ ಒಂದು ಬಿಳಿ ಹಾಳೆ ಕೊಡಿಸಿದರು. ಪುಸ್ತಕದಿಂದ ಒಂದೊಂದೇ ಹೆಸರು ಓದಿದರು. ಜಯಪಾಲ ಬರೆಯುತ್ತ ಹೋದ. ಮುರಗೆಪ್ಪನದು. ಸದಲಗಾದ ತವನಪ್ಪನದು. ನಡುಗುವ ಕೈಯ ಸಿದರಾಯನದು. ಆರನೆಯ ಸಹಿಗೆ ನ್ಯಾಯಾಧೀಶರು ತಾವೇ ಕುರ್ಚಿಯಿಂದ ಅರ್ಧ ಎದ್ದು ಬಗ್ಗಿ ನೋಡತೊಡಗಿದರು. ಇಪ್ಪತ್ತಾದ ಮೇಲೆ ಸಾಕು ಎಂದರು. ಹಾಳೆಯನ್ನೂ ಪುಸ್ತಕವನ್ನೂ ಜೋಡಿಸಿ ನೋಡಿದರು.

"ಇದರಲ್ಲಿ ಎಷ್ಟು ನಿಮ್ಮವು?"

"ಮುನ್ನೂರಾ ನಲವತ್ತರ ಮ್ಯಾಲೆ ಅದಾವ್ರಿ. ಅದರಾಗ ಹನ್ನೊಂದ ಮಂದಿ ಸತ್ತವರು."

ಆಗ ಬಾಗಿಲ ಕಡೆಯಿಂದ ಒಬ್ಬ ಹೆಣ್ಣುಮಗಳ ದನಿ ಬಂತು. ಲಕ್ಷ್ಮಿಬಾಯಿ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ಬೇಡಕಿಹಾಳದಿಂದ ಒಬ್ಬಳೇ ಬಂದಿದ್ದಳು. "ನನ್ನ ಮಾಲಕ್ರು ಹೊತ್ತ ಹುಟ್ಟೂಕ್ಕಿಂತ ಮೊದಲ ಸತ್ತಾರ್ರಿ," ಎಂದಳು. ಪೊಲೀಸ ಅವಳನ್ನು ತಡೆಯಲು ಹೋದ. ನ್ಯಾಯಾಧೀಶರು ಬಿಡಿ ಎಂದರು. ಅವಳು ಮುಂದೆ ಬಂದು ಎಲ್ಲವನ್ನೂ ಹೇಳಿದಳು, ರೊಟ್ಟಿ ಬಡಿದದ್ದನ್ನೂ.

ಮುರಗೆಪ್ಪ ಅಂದೇ ಹೊರಗೆ ಬಂದ. ಜಯಪಾಲನನ್ನು ಅಂದೇ ಒಳಗೆ ಕರೆದೊಯ್ದರು.

ಇಬ್ಬರೂ ಬಾಗಿಲಲ್ಲಿ ಎದುರಾದರು. ಮುರಗೆಪ್ಪನ ಗಡ್ಡ ಬೆಳೆದಿತ್ತು. ಅವನು ಜಯಪಾಲನ ಕಪಾಳಕ್ಕೆ ಒಂದು ಬಾರಿಸಿದ. ಪೊಲೀಸರು ನಡುವೆ ಬರುವಷ್ಟರಲ್ಲಿ ಅದೇ ಕೈಯಿಂದ ಅವನ ಕುತ್ತಿಗೆಯನ್ನು ತಬ್ಬಿ ಹಿಡಿದುಕೊಂಡ. "ಲೇ, ಯಾಕ್ಲೇ ಮಾಡಿದಿ, ಯಾಕ್ಲೇ," ಎನ್ನುತ್ತಿದ್ದ. ಸಹಿ ಮಾಡಿದ್ದನ್ನು ಕೇಳುತ್ತಿದ್ದನೋ, ಒಪ್ಪಿಕೊಂಡದ್ದನ್ನು ಕೇಳುತ್ತಿದ್ದನೋ ತಿಳಿಯಲಿಲ್ಲ.

ಧನಪಾಲ ಸಾಹೇಬರಿಗೆ ಏನೂ ಆಗಲಿಲ್ಲ. ಕಾರಖಾನೆಯ ವಿಶೇಷ ಸಭೆ ಸೇರಿತು. ಒಬ್ಬ ಕಾರಕೂನ ಇಡೀ ಸಂಸ್ಥೆಯನ್ನು ನಂಬಿಸಿ ಮೋಸಮಾಡಿದ್ದಕ್ಕಾಗಿ ಖೇದ ವ್ಯಕ್ತಪಡಿಸಿ, ಇಂಥ ಸಂಕಟದಲ್ಲೂ ಲೋಕಶಾಹಿಯನ್ನು ಕಾಪಾಡಿದ ಚೇರಮನ್ನರನ್ನು ಅಭಿನಂದಿಸಿ ಠರಾವು ಮಾಡಿತು. ಒಂಬತ್ತನೆಯ ಠರಾವು ಹಾಗೆಯೇ ಉಳಿಯಿತು. ಒಮ್ಮತದಿಂದ ಆದದ್ದನ್ನು ತಿದ್ದಲು ಕಾಯದೆಯಲ್ಲಿ ಅವಕಾಶವಿಲ್ಲ ಎಂದರು. ಎಂ.ಡಿ.ಗೆ ಬಡ್ತಿಯಾಯಿತು. ಜ್ಞಾನದೇವನ ನೌಕರಿ ಹೋಯಿತು. ಅವನು ತಾಯಿಯ ಜೊತೆ ಎರಡು ವರ್ಷ ಮಾತು ಬಿಟ್ಟ. ಹೊಲದಲ್ಲಿ ದುಡಿಯತೊಡಗಿದ ಮೇಲೆ ತಾನಾಗಿಯೇ ಮಾತಾಡಿಸಿದ.

ಜಯಪಾಲ ಒಂದೂವರೆ ವರ್ಷ ಹಿಂಡಲಗಾ ಜೇಲಿನಲ್ಲಿದ್ದ. ಜಿನಮತಿ ತಿಂಗಳಿಗೊಮ್ಮೆ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು. ಮೊದಲ ಸಲ ಬಂದಾಗ ಜಾಳಿಗೆಯ ಆಚೆ ನಿಂತು, "ಈಗ ನಿಮ್ಮ ಮಾರಿ ನೋಡಾಕ ಬರತೈತಿ," ಎಂದಷ್ಟೇ ಹೇಳಿದಳು. ಹೊರಗೆ ಬಂದ ಮೇಲೆ ಅವನು ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರ ವಖಾರಿಯಲ್ಲಿ ಕೆಲಸಕ್ಕೆ ನಿಂತ. ಸಹಿ ಮಾಡುವ ಕೆಲಸ ಬಿಟ್ಟು ಬೇರೆ ಏನಾದರೂ ಕೊಡಿ ಎಂದು ಕೇಳಿಕೊಂಡು ತೂಕ ನೋಡುತ್ತಿದ್ದ.

ಖೂನಿ ಕೇಸು ಬಿದ್ದುಹೋದ ಮೇಲೆ ಮುರಗೆಪ್ಪ ಸದಸ್ಯತ್ವಕ್ಕಾಗಿ ಬೆಂಗಳೂರಿನ ಹೈಕೋರ್ಟಿನ ತನಕ ಓಡಾಡಿದ. ೧೯೯೧ರ ಚುನಾವಣೆಯ ಹೊತ್ತಿಗೆ ಆರ್ಡರು ಕೈಗೆ ಬಂತು. ಅರ್ಜಿಯನ್ನು ಈ ಸಲ ಇಬ್ಬರು ವಕೀಲರ ನಡುವೆ ನಿಂತು ಕೊಟ್ಟ. ಕಾರಖಾನೆ ಶುರುವಾದಾಗಿನಿಂದ ಮೊದಲ ಸಲ ಎರಡು ಅರ್ಜಿ ಉಳಿದವು, ಮೊದಲ ಸಲ ಮತಪೆಟ್ಟಿಗೆ ಬಂತು. ಮುರಗೆಪ್ಪ ನಿಪ್ಪಾಣಿಗೆ ಬಂದು ಜಯಪಾಲನನ್ನು ತನ್ನ ಏಜಂಟನಾಗಿ ಕರೆದೊಯ್ದ.

ಜಯಪಾಲ ಆ ದಿನ ಕಂಡದ್ದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಇಪ್ಪತ್ತು ಇಪ್ಪತ್ತೈದು ವರ್ಷದಿಂದ ಸದಸ್ಯರಾದ ಮಂದಿ ಚೀಟಿ ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ಒಬ್ಬ ಮುದುಕ ಎರಡೂ ಹೆಸರಿನ ಮೇಲೆ ಶಿಕ್ಕಾ ಒತ್ತಿ, "ಇಬ್ರೂ ಚಲೋ ಇರಲಿ," ಎಂದು ಹೊರಗೆ ಬಂದ. ಇನ್ನೊಬ್ಬ ಚೀಟಿಯನ್ನು ಪೆಟ್ಟಿಗೆಗೆ ಹಾಕದೆ ಬಾಗಿಲಲ್ಲಿ ನಿಂತಿದ್ದ ಧನಪಾಲ ಸಾಹೇಬರ ಕೈಗೇ ತಂದು ಕೊಟ್ಟ. ಅವರು ಅವನ ಬೆನ್ನು ತಟ್ಟಿ ಅದನ್ನು ಜೇಬಿಗೆ ಹಾಕಿಕೊಂಡರು. ಚುನಾವಣೆ ಅಧಿಕಾರಿ ಅಲ್ಲೇ ಇದ್ದರು, ಚಹಾ ಕುಡಿಯುತ್ತಿದ್ದರು.

ಎಣಿಕೆಯಲ್ಲಿ ಧನಪಾಲ ಸಾಹೇಬರಿಗೆ ಮೂರು ಸಾವಿರದ ಒಂಬೈನೂರು ಚಿಲ್ಲರೆ ಮತ ಬಂದವು. ಕೆಟ್ಟುಹೋದವು ಆರುನೂರು. ಮುರಗೆಪ್ಪನಿಗೆ ಇನ್ನೂರಾ ಹನ್ನೆರಡು.

ಗುಲಾಲು ಹಾರಿಸುತ್ತ ಮೆರವಣಿಗೆ ಹೊರಟ ಮೇಲೆ ಇಬ್ಬರೂ ರಸ್ತೆಯ ಬದಿಯ ಹೋಟೆಲಿನಲ್ಲಿ ಕೂತರು. ಸೋತವನನ್ನು ಸಮಾಧಾನ ಮಾಡಬೇಕೆಂದು ಜಯಪಾಲ ಮಾತು ಹುಡುಕುತ್ತಿದ್ದ. ಆದರೆ ಮುರಗೆಪ್ಪನ ಕಣ್ಣುಗಳು ಅಗಲವಾಗಿದ್ದವು. ಅವನು ಚಹಾ ಮುಟ್ಟಿರಲಿಲ್ಲ.

"ಇನ್ನೂರಾ ಹನ್ನೆರಡ ಮಂದಿ. ಯಾರಲೇ ಇವ್ರು?"

"ನಿಮ್ಮ ಮನಿಯವು ನಾಕ. ಲಕ್ಷ್ಮಿಬಾಯಿ ಕಾಕೂದೊಂದ," ಎಂದ ಜಯಪಾಲ.

"ಜ್ಞಾನದೇವ?"

"ಹಾಕಿರಬಹುದು. ಲೆಕ್ಕಕ್ಕ ಹಿಡಿ."

ಬೆರಳು ಮಡಚುತ್ತ ಎಣಿಸಿದರು. ಅಲಖನೂರಿನ ಭಾವಕಿಯ ದಾಯಾದಿಗಳು ನಾಲ್ವರು. ಕಬ್ಬು ಒಣಗಿಸಿಕೊಂಡವನು, ಗಡಿಯಾರದಿಂದ ಮೋಸಹೋದವನು, ಅವರ ಅಣ್ಣತಮ್ಮಂದಿರು. ತಿರುಗಿ ತಿರುಗಿ ಎಣಿಸಿದರೂ ಹದಿನೇಳಕ್ಕಿಂತ ಮುಂದೆ ಹೋಗಲಿಲ್ಲ. ಉಳಿದ ನೂರಾ ತೊಂಬತ್ತೈದು ಜನ ಯಾರು? ಅವರೆಲ್ಲ ಟ್ರೇಲರಿನಲ್ಲಿ ಬಂದು, ಹುಗ್ಗಿ ಉಂಡು, ಸಾಹೇಬರಿಗೆ ಕೈಮುಗಿದು, ಒಳಗೆ ಹೋಗಿ ಇದನ್ನು ಮಾಡಿದ್ದರು. ಒಬ್ಬರೂ ಬಾಯಿಬಿಟ್ಟಿರಲಿಲ್ಲ.

ರಾಯಬಾಗದ ಬಸ್ಸು ಬಂತು. ಮುರಗೆಪ್ಪ ಹತ್ತಿದ. ಬಸ್ಸು ತುಂಬ ಗುಲಾಲು ಮೆತ್ತಿಕೊಂಡ ಜನ. ಅವನು ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಮುಖವನ್ನೂ ನೋಡತೊಡಗಿದ. ಕಂಡಕ್ಟರು ಒಳಗೆ ಸರಿಯಿರಿ ಎಂದು ಎರಡು ಸಲ ಕೂಗಿದರೂ ಅವನಿಗೆ ಕೇಳಲಿಲ್ಲ.